ಎರಡೇ ರಾತ್ರಿ

ನನಗೆ ಇಪ್ಪತ್ತು ದಿನವಾಗಿದ್ದಾಗ ತಲೆಗೆ ನೀರು ಹಾಕಿದರು.
ಅತ್ತೆನಂತೆ. ಅಷ್ಟೇ ನನ್ನ ತಯಾರಿ.
ಸುಂಕಮ್ಮನಿಗೆ ನಲವತ್ಮೂರು. ಒಂದೂವರೆ ವರ್ಷ ಕಾದಳು,
ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಜಿಪ್ಪು ಕೂರಿಸುತ್ತ,
ಪೀಸಿಗಿಷ್ಟು ಎಂದು ಎಣಿಸುತ್ತ.

ಯಾಕೆ ಬಂದೆಯಮ್ಮ ಎಂದು ಫಾದರ್ ಕೇಳಿದರು.
"ಗೊತ್ತಿಲ್ರಿ. ಬಿಸಿಲಿತ್ತು. ಬಾಗಿಲಾ ತೆಗೆದಿತ್ತು.
ಫ್ಯಾನು ತಿರುಗಾಕತ್ತಿತ್ತು, ಕುಂತೆ.
ಎದ್ದು ಹೋಗಾಕ ಮನಸಾಗ್ಲಿಲ್ಲ."
ಫಾದರ್ ರಿಜಿಸ್ಟರಿನಲ್ಲಿ ಬೇರೇನೋ ಬರೆದುಕೊಂಡರು,
ಇದಕ್ಕಿಂತ ಉದ್ದದ್ದು.

ಗುರುವಾರ ಸಂಜೆ ಪಾಠ. ಮಂಡಿನೋವಿನ ಜ್ಞಾನಮ್ಮ ಟೀಚರ್,
ಪಕ್ಕದಲ್ಲಿ ನಾನು, ಜ್ಞಾನತಾಯಿ ಆಗುವವಳು,
ಉತ್ತರ ಬಲ್ಲವಳ ಮುಖ ಹೊತ್ತು.
"ಸಗಾಯಕ್ಕ, ಮೂರು ದಿನ ಅಂತೀರಿ.
ಶುಕ್ರವಾರ ಸಂಜಿಗೆ ಮಣ್ಣಾಗಿ ಐತ್ವಾರ ನಸುಕಿನ್ಯಾಗ ಎದ್ರೆ
ಎರಡೇ ರಾತ್ರಿ ಆಗ್ತಾವಲ್ಲ?"
ಐವತ್ತು ವರ್ಷ ವಿಶ್ವಾಸ ಪ್ರಮಾಣ ಹೇಳಿದ್ದೇನೆ,
ಬೆರಳು ಮಡಚಿ ಎಣಿಸಿದವಳಲ್ಲ.
ಆ ಕಾಲದ ಲೆಕ್ಕ ಹಾಗೆ, ಎಂದರು ಟೀಚರ್,
ತುಂಡು ದಿನವನ್ನೂ ಇಡೀ ದಿನವೆಂದೇ ಹಿಡಿಯುತ್ತಿದ್ದರು.
"ನಮ್ಮ ಮೇಸ್ತ್ರಿ ಹಂಗ ಹಿಡಿಯಂಗಿಲ್ರಿ."

ಒಂದು ಭಾನುವಾರ ಬಾಗಿಲ ಬಳಿ ನಿಲ್ಲಿಸಿ
ಅವಳ ಮೈಮೇಲೆ ಶಿಲುಬೆ ಗುರುತು ಹಾಕೆಂದರು ನನಗೆ.
ಹಣೆಗೆ. ಕಿವಿಗೆ. ಹದಿನೆಂಟು ವರ್ಷ ನಲವತ್ತು ಮಿಷನ್ನು ಕೇಳಿದ ಕಿವಿ,
ಎಡಗಡೆಯದು ಮಂದ, ಅದಕ್ಕೆ ಸ್ವಲ್ಪ ಒತ್ತಿಯೇ ಬರೆದೆ.
ಕಣ್ಣಿಗೆ, ತುಟಿಗೆ, ಎದೆಗೆ, ಬಾಗಿದ ಹೆಗಲಿಗೆ.
ಕೈ ಹಿಡಿದರೆ ಬೆರಳೆಲ್ಲ ನೀಲಿ, ಉಗುರ ಸಂದಿ ಕಡುನೀಲಿ.
"ತೊಳಕೊಂಡೇ ಬಂದೀನ್ರಿ" ಎಂದಳು, ಮೆಲ್ಲಗೆ.
ಪಾದಕ್ಕೆಂದು ಬಗ್ಗುವಾಗ ನನಗೆ ನಾಚಿಕೆಯಾಯಿತು.
ಅವಳು ಕಾಲು ಹಿಂದಕ್ಕೆಳೆದುಕೊಂಡಳು,
ಆಮೇಲೆ ಕೊಟ್ಟಳು.

ಅಂದಿನಿಂದ ಪ್ರತಿ ವಾರ, ಪ್ರಸಂಗ ಮುಗಿದ ಕೂಡಲೇ
ಸಮಾಧಾನದಿಂದ ಹೋಗಿ ಬಾ ಎಂದು ಅವಳನ್ನು ಹೊರಗೆ ಕಳಿಸುವರು,
ಊಟಕ್ಕೆ ಕರೆದು, ಬಡಿಸುವ ಹೊತ್ತಿಗೆ ಎಬ್ಬಿಸಿದ ಹಾಗೆ.
ಒಂದು ವಾರ ಟೀಚರಿಗೆ ಜ್ವರ. ಜೊತೆಗೆ ನಾನೇ ಹೋದೆ.
ಬೇವಿನ ಕೆಳಗೆ ಕಾದ ಕಲ್ಲುಬೆಂಚು. ಎದುರಿಗೆ ಗುಡ್ಡ.
ಒಳಗೆ ಗಂಟೆ. ಎಲ್ಲರೂ ಮೊಣಕಾಲೂರಿದ ಸದ್ದು,
ಆಮೇಲೆ ಎದ್ದು ಸಾಲಾಗಿ ಮುಂದೆ ಹೋಗುವ ಸದ್ದು.
ಇಷ್ಟು ವರ್ಷ ನಾಲಿಗೆ ಚಾಚಿದ್ದೇನೆ,
ಹಸಿದಿದ್ದೆನೆಂದು ಹೊರಗೆ ಕೂತಾಗ ಗೊತ್ತಾಯಿತು.
ಸುಂಕಮ್ಮ ಸೆರಗಿನ ಗಂಟು ಬಿಚ್ಚಿ
ಹುರಿದ ಶೇಂಗಾ ಅರ್ಧ ನನಗೆ ಸುರಿದಳು.
ತಿನ್ನಬಾರದಿತ್ತು. ತಿಂದೆ.

ಹೆಸರು ಆರಿಸಿಕೋ ಎಂದು ಸಂತರ ಪಟ್ಟಿ ಕೊಟ್ಟರು.
ಓದಿಸಿಕೊಂಡಳು. ಚಲೋ ಅದಾವ ಎಂದಳು.
"ಸುಂಕಮ್ಮಂತ ಕರದ್ರಷ್ಟೇ ತಿರುಗಿ ನೋಡ್ತೀನ್ರಿ,
ದೇವ್ರು ಕರದ್ರೂ."
ಬಿಳಿ ಅಂಗಿ ತಾನೇ ಹೊಲಿದಳು,
ಜೀನ್ಸಿಗೆ ಹಾಕುವ ಎರಡು ಸಾಲಿನ ಹೊಲಿಗೆ. ಬಿಚ್ಚಂಗಿಲ್ಲ.

ಪಾಸ್ಖ ಜಾಗರಣೆಯ ರಾತ್ರಿ, ಹನ್ನೊಂದಾದರೂ ಕಲ್ಲು ತಣಿದಿಲ್ಲ.
ನಲ್ಲಿ ಬಂದು ಒಂಬತ್ತು ದಿನ, ತೊಟ್ಟಿಯಲ್ಲಿ ಟ್ಯಾಂಕರಿನ ನೀರು.
ಕೆಂಪು ಸಮುದ್ರ, ಜೋರ್ಡನ್ ನದಿ ಎಲ್ಲ ಹೆಸರಿಸಿ
ಫಾದರ್ ಅದನ್ನೇ ಹರಸಿದರು.
ಅವಳ ಹೆಗಲ ಮೇಲೆ ನನ್ನ ಬಲಗೈ.
ಮೂರು ಸಲ ಹೊಯ್ದರು. ನನ್ನ ತೋಳೂ ತೊಯ್ದಿತು.
ಅವಳು ಅಳಲಿಲ್ಲ. ಗದ್ದದಿಂದ ಸೋರಿದ್ದನ್ನು ಬೊಗಸೆಯಲ್ಲಿ ಹಿಡಿದು
ಮತ್ತೆ ಮುಖಕ್ಕೆ ಹಚ್ಚಿಕೊಂಡಳು,
ನೀರು ಚೆಲ್ಲಿ ಗೊತ್ತಿಲ್ಲದ ಊರಿನವಳು.

ಗೇಟಿನ ಹತ್ತಿರ ಮೇಣದಬತ್ತಿ ಆರಿಸಿ ಎಂದಳು:
"ನಿನ್ನೀದೊಂದು, ಇವತ್ತಿಂದೊಂದು.
ಎರಡೇ ರಾತ್ರಿ, ಸಗಾಯಕ್ಕ. ಎಣಿಸೀನಿ."
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಆದ್ರ ಉದ್ದ ಇದ್ವು ಬಿಡ್ರಿ."

ಆಟೋ ಸಿಗಲಿಲ್ಲ. ನಡೆದೇ ಹೊರಟಳು.
ತಿರುವಿನಲ್ಲಿ ನಿಂತು ಕೂಗಿದಳು,
"ಗುರುವಾರ ಪಾಠ ಐತೋ ಇಲ್ಲೋ?"
ನನಗೂ ಗೊತ್ತಿರಲಿಲ್ಲ.
ಐತಿ, ಬಾ, ಎಂದೆ.