ಆನೆ ಕಂಬ ಬೀಳಿಸಿದ ವಾರ

ಸೋಮವಾರ ನಸುಕಿಗೆ
ಮಾಲ್ದಾರೆಯ ಆಚೆ ಹಲಸಿನ ಹಣ್ಣಿಗೆಂದು ಬಂದ ಒಂಟಿ ಸಲಗ
ಹಣ್ಣು ತಿಂದು, ಮರಕ್ಕೆ ಮೈ ತಿಕ್ಕಿ,
ಪಕ್ಕದ ಕಂಬಕ್ಕೂ ಒಂದಿಷ್ಟು ಭುಜ ಕೊಟ್ಟಿತಂತೆ.
ಕರೆಂಟು ಹೋಯಿತು. ಕರೆಂಟಿನ ಬೆನ್ನಿಗೇ ಟವರು.

ಒಂಬತ್ತೂವರೆಗೆ ಶಾಲೆಯ ಬೀಗ ತೆಗೆದೆ.
ಬೀಗ ತೆಗೆಯುವವಳೂ ನಾನೇ, ಗಂಟೆ ಹೊಡೆಯುವವಳೂ ನಾನೇ,
ಒಂದರಿಂದ ಐದು, ಎಲ್ಲ ತರಗತಿಗೂ ನಾನೇ.
ರೂಢಿಯಂತೆ ಫೋನ್ ಹಿಡಿದು ಹಿಂದಿನ ಬಂಡೆ ಹತ್ತಿದೆ.
ಒಂದು ಗೆರೆಯೂ ಇಲ್ಲ.
ಹತ್ತೂವರೆಯೊಳಗೆ ಹಾಜರಾತಿ ಏರಿಸಬೇಕು,
ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು,
ಹಾಲಿನ ಪುಡಿ ಗ್ರಾಮಿನಲ್ಲಿ,
ಮಕ್ಕಳು ಕೈ ತೊಳೆಯುವ ಫೋಟೊ, ಮುಖವೂ ನಲ್ಲಿಯೂ ಕಾಣುವಂತೆ,
ಮತದಾರರ ಪಟ್ಟಿಯಲ್ಲಿ ಇನ್ನೂ ಬದುಕಿರುವ ಸತ್ತವರ ಹೆಸರು.
ಬಂಡೆಯ ಮೇಲೆ ನಿಂತೇ ಇದ್ದೆ, ತಪ್ಪು ಮಾಡಿದವಳ ಹಾಗೆ.

ಕೆಳಗಿನಿಂದ ಬೊಳಕ ಕೂಗಿದ:
‘ಟೀಚರ್, ಇವತ್ತು ಪಾಠ ಉಂಟಾ?’

ನಾನು ಬ್ಯಾಡಗಿಯವಳು. ಹನ್ನೊಂದು ವರ್ಷದ ಹಿಂದೆ
ಚೀಲದಲ್ಲಿ ಬಣ್ಣದ ಸೀಮೆಸುಣ್ಣ, ಅವ್ವ ಕಟ್ಟಿಕೊಟ್ಟ ಖಾರಪುಡಿ ಹೊತ್ತು
ಸಿದ್ದಾಪುರದಲ್ಲಿ ಬಸ್ಸಿಳಿದೆ.
ಸೀಮೆಸುಣ್ಣ ಎಂದೋ ಮುಗಿಯಿತು. ಖಾರ
ಮೀಟಿಂಗಿನಲ್ಲಿ ನಾಲಿಗೆಯ ತುದಿತನಕ ಬಂದು ವಾಪಸು ಹೋಗುತ್ತದೆ.

ಉಂಟು, ಅಂದೆ.

ಸಲಗ ಬಿಟ್ಟುಹೋದ ಅರ್ಧ ಹಲಸು ತಂದಿದ್ದರು ಹುಡುಗರು.
ಅದರಲ್ಲೇ ಭಾಗಾಕಾರ. ಎಪ್ಪತ್ತೆರಡು ತೊಳೆ, ಇಪ್ಪತ್ಮೂರು ಮಕ್ಕಳು.
ತಲೆಗೆ ಮೂರು. ಶೇಷ ಮೂರು.
ಶೇಷ ಯಾರಿಗೆ?
‘ಸೆಲ್ವಕ್ಕನಿಗೆ,’ ಅಂದಳು ರುಬೀನಾ,
ಅಸ್ಸಾಮಿನಿಂದ ಲೈನ್‌ಮನೆಗೆ ಬಂದು ಒಂದೇ ವರ್ಷ,
‘ಅಡುಗೆ ಸಂಬಳ ನಾಲ್ಕು ತಿಂಗಳಿಂದ ಇಲ್ಲ.’
ಒಲೆಯ ಹತ್ತಿರ ಸೌಟಿನ ಸದ್ದು ಒಮ್ಮೆ ನಿಂತಿತು.

ಮಂಗಳವಾರ ಜಾನುವಿನ ಪಕ್ಕ ಕೂತೆ.
ಮುತ್ತಿನಂಥ ಅಕ್ಷರ, ಇಡೀ ಪಾಠ ನಕಲು ಮಾಡಿದ್ದಾಳೆ.
ಓದು, ಅಂದೆ.
ಪುಟ ನೋಡಿದಳು. ನನ್ನನ್ನು ನೋಡಿದಳು.
ಓದು ಬರುವುದಿಲ್ಲ ಅವಳಿಗೆ. ಒಂದು ಅಕ್ಷರವೂ.
ನಾಲ್ಕನೇ ತರಗತಿ. ಕಲಿಕಾ ಮಟ್ಟ: ಉತ್ತಮ.
ಆ ‘ಉತ್ತಮ’ ಒತ್ತಿದ ಬೆರಳು ಇದೇ,
ಬಾಡಿಗೆ ಕೋಣೆಯಲ್ಲಿ, ರಾತ್ರಿ ಹನ್ನೊಂದಕ್ಕೆ,
ಕೊನೆಯ ದಿನಾಂಕದಂದು.

ಬುಧವಾರವಿಡೀ ನಾವಿಬ್ಬರೂ ಹ, ಲ, ಸು.
ಹ ಬಂತು. ಲ ಬಂದು ಬಂದು ಜಾರಿತು.
ಮನೆಗೆ ಹೊರಟವಳು ತಿರುಗಿ ಕೇಳಿದಳು:
‘ಕಂಬ ನಾಳೆ ನಿಲ್ಲಿಸ್ತಾರಾ ಟೀಚರ್?’
ನಮ್ಮಪ್ಪ ನಿಲ್ಲಿಸೋಕೆ ಹೋಗ್ತಾನೆ, ಅಂತಲೂ ಹೇಳಿದಳು.

ಗುರುವಾರ, ಪ್ರಾರ್ಥನೆಯ ನಡುವೆ,
ಮೇಜಿನ ಮೇಲೆ ಫೋನ್ ನಡುಗತೊಡಗಿತು.
ಅರವತ್ತೊಂದು ಸಂದೇಶ. ಮೊದಲನೆಯದು:
ಮೂರು ದಿನದ ಮಾಹಿತಿ ಏಕಿಲ್ಲ, ಕೂಡಲೇ ಕಾರಣ ತಿಳಿಸುವುದು.
ಬಂಡೆ ಹತ್ತಿದೆ.
ಕಾರಣಗಳ ಪಟ್ಟಿಯಲ್ಲಿ ಆನೆ ಇರಲಿಲ್ಲ.
‘ಇತರೆ’ ಒತ್ತಿದೆ.

ಬಂಡೆಯ ಬುಡಕ್ಕೆ ಜಾನು ಬಂದು ನಿಂತಿದ್ದಳು,
ಪುಸ್ತಕ ತೆರೆದು, ಲಕಾರದ ಮೇಲೆ ಬೆರಳಿಟ್ಟು.
ಒಂದು ನಿಮಿಷ, ಅಂದೆ.
ಆ ನಿಮಿಷ ಎಷ್ಟುದ್ದವೆಂದು ಅವಳಿಗೆ ಗೊತ್ತು.
ಬೆರಳು ತೆಗೆಯದೆ
ಅಲ್ಲೇ ಕೂತಳು.