ತಣ್ಣಗಿರುವಾಗ

ಇನಾಸ್ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ,
ಜ್ವರ ನೋಡುವವರ ಹಾಗೆ.
'ನಾವು ಬರ್ತೀವಿ ಅಂತ ಬಿಸಿ ಮಾಡಿಟ್ಟಿದ್ದಾರೆ.
ಇವತ್ತು ಏನೂ ಗೊತ್ತಾಗಲ್ಲ ಮಾರಾಯ್ರೆ, ನಾಳೆ ಬರೋಣ.'
ಹಾಲೇಶಪ್ಪ ನಕ್ಕರು. ಸೀಟಿಗೆ ಹೊಸ ಕವರು,
ಇಂಜಿನ್ನಿಗೆ ಶಾಂಪೂ ಸ್ನಾನ.
ಮೀಟರಿನಲ್ಲಿ ಅರವತ್ತೆರಡು ಸಾವಿರ.
ಕ್ಲಚ್ ಪೆಡಲ್ಲಿನ ರಬ್ಬರು ಸವೆದು
ಒಂದು ಮೂಲೆಯಲ್ಲಿ ಕಬ್ಬಿಣ ಹಲ್ಲು ಕಿರಿದಿತ್ತು.

ಮರುದಿನ ಆರೂವರೆಗೆ,
ವಿನೋಬನಗರದ ಆ ಗಲ್ಲಿಗೆ ಹಾಲಿನವನೂ ಬಂದಿರಲಿಲ್ಲ.
ಇನಾಸ್ ಕಡ್ಡಿ ಎಳೆದು, ಬನಿಯನ್ ಚೂರಿಗೆ ಒರೆಸಿ,
ಮತ್ತೆ ಅದ್ದಿ ಬೆಳಕಿಗೆ ಹಿಡಿದ.
ನನ್ನ ಕೈ ತಾನಾಗಿ ಮುಂದೆ ಹೋಯಿತು.
ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ
ಕಂಡವರ ರಕ್ತವನ್ನು ಹೀಗೇ ಕಿಟಕಿಗೆ ಹಿಡಿದವಳು.
ಎರಡು ಬೆರಳ ನಡುವೆ ಉಜ್ಜಿದೆ: ಕಪ್ಪು, ಆದರೆ ನುಣುಪು.
ಮರಳಿಲ್ಲ. ಮುಚ್ಚಳದೊಳಗೆ ಮಜ್ಜಿಗೆಯಂಥ ನೊರೆಯಿಲ್ಲ.
'ನೀರು ಸೇರಿಲ್ಲ. ಸದ್ಯಕ್ಕೆ ಅಷ್ಟೇ ಹೇಳ್ತೇನೆ.'

ಕೀ ತಿರುಗಿಸಿದ.
ಒಳಗೆಲ್ಲೋ ಚಿಲ್ಲರೆ ಡಬ್ಬಿ ಅಲುಗಿದ ಸದ್ದು,
ಎರಡೇ ಸೆಕೆಂಡು,
ಆಮೇಲೆ ಎಣ್ಣೆ ಮೇಲೇರಿ ಸುಮ್ಮನಾಯಿತು.
ಆ ಎರಡು ಸೆಕೆಂಡಿಗೆ ನಾವು ಎರಡು ಸಲ ಬಂದದ್ದು.

ಗಾಜನೂರು ದಾಟಿ ಮಂಡಗದ್ದೆ ಕಡೆ ಓಡಿಸಿದೆ.
ಇಳಿಜಾರಿನಲ್ಲಿ ಕಾಲು ತೆಗೆಯಿರಿ ಅಂದ, ಗೇರಿನಲ್ಲೇ ಬಿಡಿ,
ಬುಡದಲ್ಲಿ ಒಮ್ಮೆ ಜೋರಾಗಿ ಒತ್ತಿ ಕನ್ನಡಿ ನೋಡಿ.
ಹಿಂದೆ ಒಂದು ಉಸಿರು ನೀಲಿ,
ಅಗರಬತ್ತಿಗಿಂತ ತುಸು ಹೆಚ್ಚು, ಬಿದಿರ ಮೆಳೆಯಲ್ಲಿ ಕರಗಿತು.
'ವಾಲ್ವ್ ಸೀಲು. ಸಾಯೋ ಕಾಯಿಲೆ ಅಲ್ಲ.
ಎಣ್ಣೆ ಕುಡೀತಾ ಇರುತ್ತೆ, ನೀವು ಹಾಕ್ತಾ ಇರಬೇಕು.'

ಎಷ್ಟು ವರ್ಷ ಬರಬಹುದು ಇನಾಸ್?
ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.
ಕೌಂಟರಿನ ಕಿಂಡಿಯಲ್ಲಿ ರಿಪೋರ್ಟು ಹಿಡಿದು
ದಿನಾ ಯಾರಾದರೂ ಇದನ್ನೇ ಕೇಳುತ್ತಾರೆ,
ಡಾಕ್ಟರನ್ನ ಕೇಳಿ ಅಂತ ಮುಂದಿನ ಚೀಟಿ ಕೂಗುತ್ತೇನೆ.
ಇನಾಸ್ ಕಿಟಕಿ ಇಳಿಸಿ ಎಲೆಯಡಿಕೆ ಉಗುಳಿದ.
'ಇಲ್ಲೀತನಕ ಹೇಗೆ ಓಡಿಸಿದಾರೆ, ಅದು ಹೇಳಬಲ್ಲೆ.'

ಗಾಜು ಒರೆಸಲು ಬಟ್ಟೆ ಹುಡುಕುವಾಗ ಸಿಕ್ಕಿತು,
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಸೊಸೈಟಿ ಕೊಟ್ಟ ಕಿರುಡೈರಿ.
ದುಂಡು ಅಕ್ಷರ. ಆಯಿಲ್ ೯,೮೦೦. ಆಯಿಲ್ ೧೯,೫೦೦.
ನಡುವೆ ಗ್ಯಾಸ್ ಬುಕಿಂಗ್, ಯಾರದೋ ಮದುವೆಯ ಮುಯ್ಯಿ.
ಆಯಿಲ್ ೭೮,೪೦೦.
ಆಯಿಲ್, ಫಿಲ್ಟರ್ ೧,೦೮,೦೦೦.
ಇನಾಸ್ ಸೀಟಿಯೂದಿದ.
ಮೀಟರನ್ನು ಹಿಂದಕ್ಕೆ ತಿರುಗಿಸಿದವರೇ
ಇಲ್ಲಿ ಒಂದು ಸಲವೂ ತಪ್ಪದೆ ಬರೆದಿದ್ದರು.

ಹಾಲೇಶಪ್ಪನ ಮುಂದೆ ಡೈರಿ ಬಿಚ್ಚಿಟ್ಟೆ.
ಅವರು ಬಹಳ ಹೊತ್ತು ಸೀಟಿನ ಕವರನ್ನೇ ನೋಡಿದರು.
ನಲವತ್ತು ಸಾವಿರ ಇಳಿಯಿತು, ಚೌಕಾಸಿಯಿಲ್ಲದೆ.
ಕಾಫಿ ಬಂತು. ಸಕ್ಕರೆ ಹೆಚ್ಚಾಗಿತ್ತು.
ಅವರ ಕೈ ಡೈರಿಯನ್ನು ಜೇಬಿಗೆ ಇಳಿಸುವಾಗ
'ಅದೂ ಗಾಡಿ ಜೊತೆಗೆ ಬರಬೇಕು' ಅಂದೆ.