ಚನಮಲ್ಲಪ್ಪನ ಕೈಚೀಲ

ಒಂದಽ ರಾತ್ರಿಯ ಎರಡು ಕ್ಯಾಸೆಟ್ ಅದಾವ ನನ್ನ ಹತ್ರ.
ಒಂದು ನಂದು, ಮಿಕ್ಸರಿನ ಬೆನ್ನಿಂದ
ನೇರ ವೈರು ಎಳದು ತುಂಬಿಸಿದ್ದು.
ಇನ್ನೊಂದು ಚನಮಲ್ಲಪ್ಪ ಜೀರಗಾಳಂದು:
ಮೂರನೇ ಸಾಲು, ಕಂಬದ ಬಾಜೂಕ,
ತೊಡಿ ಮ್ಯಾಲೆ ಕೈಚೀಲ, ಚೀಲದಾಗ ಬ್ಯಾಟರಿ ಟೇಪು,
ಅದರ ಮ್ಯಾಲೆ, ಯಾರಿಗೂ ಕಾಣಬಾರದಂತ,
ಒಂದು ಡಜನ್ ಬಾಳಿಹಣ್ಣು.

ಬನಹಟ್ಟಿ. ನೇಕಾರ ಸೊಸೈಟಿಯ ನೂಲಿನ ಗೋದಾಮು,
ಅವತ್ತಿಗೆ ಜಮಖಾನ ಹಾಸಿ ಸಭಾ ಮಾಡಿದ್ರು.
ಇಂದುಮತಿಬಾಯಿ ಕೆರೂರ, ಅರವತ್ತೆರಡು ವಯಸ್ಸು,
ಬಾಗೇಶ್ರೀ ಹಿಡಿದಾಗ ಹನ್ನೊಂದೂವರಿ.

ನನ್ನ ಟೇಪ್ ಕೇಳ್ರಿ, ತೊಳದಿಟ್ಟ ಕನ್ನಡಿ.
ಬಾಯಿ ತೆರೆಯೂ ಮುಂಚಿನ ಉಸಿರು ಐತಿ,
ಎಲಿ-ಅಡಿಕಿ ದವಡಿಗೆ ಸರಿಸಿದ್ದು ಐತಿ,
ದಸ್ತಗೀರ ತಬಲಾದ ಗಟ್ಟಿಗೆ ಸುತ್ತಿಗಿಲೆ ಹೊಡದದ್ದು
ಎರಡು ಏಟು, ಎಣಿಸಬಹುದು.
ಮಂದಿ ಇಲ್ಲ. ನಾಕನೂರು ಮಂದಿ ಕುಂತಿದ್ರು,
ಒಬ್ಬರೂ ಇಲ್ಲ.
ಯಾರ ಮುಂದ ನಾ ಮೈಕ್ ಇಟ್ಟಿದ್ದೆನೋ ಅವರಷ್ಟಽ,
ಬಾಗಲಾ ಹಾಕಿದ ಅರಿವಿ ಕಪಾಟಿನಾಗ
ನಿಂತು ಹಾಡಿದಂಗ.

ಅವನ ಟೇಪಿನಾಗ ಮೊದಲು ಕೇಳೂದು ಮಗ್ಗ.
ಓಣಿಯ ಅಷ್ಟೂ ಪಾವರ್ ಲೂಮ್, ರಾತ್ರಿ ಪಾಳಿ,
ಖಟಪಟ ಖಟಪಟ, ವಿಲಂಬಿತಕ್ಕ ಒಪ್ಪದ ಲಯ.
ಅದರ ಮ್ಯಾಲೆ ಚೀಲ ಸರಸರ,
ಯಾವುದೋ ಕೂಸು: “ಯವ್ವಾ, ಈಕಿ ಯಾಕ ಅಳಾಕತ್ತಾಳ?”
ಯಾರೋ ಸಮ್‌ಗೆ “ಹ್ಹಾ” ಅಂದದ್ದು
ಅರ್ಧ ಮಾತ್ರಾ ಮೊದಲಽ, ಅವಸರಗೇಡಿ.
ಬಾಯಿಯವರು ಮಾತ್ರ ನೆರಿಮನಿ ಒಗ್ಗರಣಿಯಂಗ,
ಐತಿ ಅಂತ ಗೊತ್ತು, ತಾಟಿಗೆ ಬರೂದಿಲ್ಲ.

ವರ್ಷಗಟ್ಟಲೆ ನಾ ಅವಗ ನಕ್ಕೆ.
“ನೀ ತುಂಬಿಸಿದ್ದು ಹಾಡಲ್ಲೋ, ಸಂತಿ.”
ಅವ ಅಂದ, “ನಾ ಕುಂತಲ್ಲಿಗೆ ಹಂಗಽ ಕೇಳ್ತಿತ್ತು.”

ಹನ್ನೆರಡು ಹದಿನೇಳಕ್ಕ ಕರೆಂಟ್ ಹೋತು.
ನನ್ನ ಟೇಪಿಗೆ ಅದು ಗೊತ್ತಽ ಇಲ್ಲ.
ಡೆಕ್ಕಿನ ಗುಂಡಿ ಒತ್ತಿದ್ದು ಒತ್ತಿದಂಗಽ ಇತ್ತು,
ಕರೆಂಟ್ ಬಂದ ಕೂಡ್ಲೆ ತಾನಽ ಎದ್ದು ತಿರುಗಿತು.
ಎಡವಿದ ಒಂದು ನಿಷಾದ, ಅಷ್ಟಽ,
ಆಮ್ಯಾಲೆ ವಿಲಂಬಿತದಿಂದ ನೇರ ತರಾನಾ.
ನಡುವಿನ ಕತ್ತಲಿ ಹೊಲದು ಮುಚ್ಚೈತಿ,
ಹೊಲಿಗಿ ಸೈತ ಕಾಣೂದಿಲ್ಲ.

ಚೀಲದಾಗ ಆ ಇಪ್ಪತ್ತೆರಡು ನಿಮಿಷ ಐತಿ.
ಫ್ಯಾನು ನಿಂತವು. ಮಗ್ಗ ಎಲ್ಲಾ ಒಮ್ಮಿಗೇ ನಿಂತವು.
ಬನಹಟ್ಟಿಗೆ ಅಷ್ಟು ಸುಮ್ಮನಿರಾಕ ಬರತೈತಿ ಅಂತ
ಅಲ್ಲೇ ಹುಟ್ಟಿದವರಿಗೂ ಗೊತ್ತಿರಲಿಲ್ಲ.
ಬಾಯಿಯವರು ನಿಲ್ಲಿಸಲಿಲ್ಲ.
ಮೈಕಿಲ್ಲದ ದನಿ ತಗಡಿಗೆ ಬಡದು,
ನೂಲಿನ ಗಂಟಿನಾಗ ಮೆತ್ತಗಾಗಿ,
ನಾಕನೂರು ಮೈ ದಾಟಿ ಚೀಲಕ್ಕ ಬಂದೈತಿ.
ಅದರ ಮ್ಯಾಲೆ ಒಂದು ಹರಕುಬಾಯಿ:
“ಯಾವ ಮಗನೋ ವೈರ್ ತುಳದಾಂವ? ಕಡ್ಡಿಪೆಟಗಿ ತರ್ರೋ!”
ಅದು ನಾನು.

ನನ್ನ ಟೇಪಿನಾಗ ನಾ ಎಲ್ಲೂ ಇಲ್ಲ.
ಆ ರಾತ್ರಿ ನಾ ಇದ್ದೆ ಅನ್ನಾಕ ಸಾಕ್ಷಿ
ಆಕಿ ಗಂಧಾರದ ಮ್ಯಾಲೆ ಬಿದ್ದ ಈ ಬೈಗಳ.

ಚನಮಲ್ಲಪ್ಪ ಹ್ವಾದ ಮ್ಯಾಲೆ ಅವನ ಮಗಳು ಕ್ಯಾಸೆಟ್ ತಂದುಕೊಟ್ಲು.
ಕತ್ತರಿ, ಅಂಟುಪಟ್ಟಿ ಹಿಡದು ಎರಡೂ ಜೋಡಿಸಾಕ ಕುಂತೆ.
ಕೂಡಲಿಲ್ಲ.
ಅವನ ಶೆಲ್ ಆಗಲೇ ಸಾಯಾಕ ಹತ್ತಿದ್ವು,
ಟೇಪು ತೆವಳಿಕೋಂತ ತುಂಬಿಕೊಂಡಿತ್ತು.
ಈಗ ಸರಿ ವೇಗಕ್ಕ ಹಚ್ಚಿದರ ಸ್ವರ ಏರತೈತಿ:
ಕಪ್ಪು ಮೂರರಾಗ ಕುಂತಾಕಿ ಮೆಲ್ಲಕ ನಾಕಕ್ಕ,
ನಾಕರಿಂದ ಐದಕ್ಕ,
ಅರವತ್ತೆರಡರ ದನಿ ನಲವತ್ತಾಗಿ, ಇಪ್ಪತ್ತಾಗಿ.
ತಬಲಾ ಗಡಬಡಿಸಿ ಬೆನ್ನ ಹಿಂದ ಓಡತೈತಿ.
ಕತ್ತಲಾಗ ಚನಮಲ್ಲಪ್ಪ ಬಾಳಿಹಣ್ಣು ಸುಲದದ್ದು,
ನುಂಗಿದ್ದು, ಎಷ್ಟು ಹತ್ರ.

ಕಡೀಗೆ ಲಂಗ ತೊಟ್ಟ ಹುಡಿಗಿಯೊಬ್ಬಾಕಿ
ಮ್ಯಾಲಿನ ಷಡ್ಜಕ್ಕ ನಿಂತಾಗ
ಓಣಿ ಕೊನಿಗೆ ಒಂದು ಮಗ್ಗ ಕೆಮ್ಮತೈತಿ.
ಆಮ್ಯಾಲೆ ಇನ್ನೊಂದು.
ಯಾರೋ ಅಂತಾರ, ಬ್ಯಾಸರದಾಗ ಅಂದಂಗ:
“ಬಂತು ನೋಡ್ರಿ.”